ಕ್ವೇಸಾರ್ ರೋಹಿತದಲ್ಲಿ ಅಣು ಜಲಜನಕದ ಗೆರೆಗಳನ್ನು ಖಾತ್ರಿಪಡಿಸಿಕೊಳ್ಳುವುದು ಹೇಗೆ?

ನೀವು ಕೇಳಿರುವುದು ಇದು: ದೂರದ ಕ್ವೇಸಾರಿನ (ದೈತ್ಯ ಕಪ್ಪುಕುಳಿಯ ಸುತ್ತ ಪ್ರಖರವಾಗಿ ಹೊಳೆಯುವ ಗ್ಯಾಲಕ್ಸಿ ಕೇಂದ್ರ) ರೋಹಿತದಲ್ಲಿ ನೂರಾರು ಹೀರಿಕೆ ಗೆರೆಗಳಿರುವಾಗ, ಇಂಥದ್ದೇ ಗೆರೆ ನಡುವೆ ಸಿಕ್ಕ ಗ್ಯಾಲಕ್ಸಿಯ ಅಣು ಜಲಜನಕದ್ದು (H₂) ಎಂದು ಹೇಗೆ ಹೇಳುತ್ತಾರೆ? ಒಂದು ಗೆರೆ ನೋಡಿ ಯಾರೂ ಹೇಳಲಾರರು. ಹತ್ತಾರು ಗೆರೆಗಳು ಒಂದೇ ಕೆಂಪು ಪಲ್ಲಟಕ್ಕೆ (ವಿಶ್ವ ಹಿಗ್ಗುವುದರಿಂದ ಬೆಳಕಿನ ಅಲೆಯುದ್ದ ಹಿಗ್ಗಿದ ಪ್ರಮಾಣ), ತಂತಮ್ಮ ಬಲಕ್ಕೆ ತಕ್ಕ ಆಳದಲ್ಲಿ ಕೂತರೆ ಮಾತ್ರ ನಂಬಬೇಕು.

ತಣ್ಣನೆಯ ಅಣು ಜಲಜನಕಕ್ಕೆ ವಿದ್ಯುತ್ ದ್ವಿಧ್ರುವ (ಒಂದು ತುದಿ ಧನ, ಇನ್ನೊಂದು ಋಣ ಎಂಬ ಅಸಮತೆ) ಇಲ್ಲ, ಹಾಗಾಗಿ ಅದು ತಾನಾಗಿ ಹೊಳೆಯುವುದು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಹಿಂದಿನಿಂದ ಬರುವ ನೇರಳಾತೀತ ಬೆಳಕನ್ನು ಸುಮಾರು 1120 ಆಂಗ್‌ಸ್ಟ್ರಾಮ್‌ಗಿಂತ (ಒಂದು ಆಂಗ್‌ಸ್ಟ್ರಾಮ್ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು; ಮುಂದಿನ ಅಲೆಯುದ್ದಗಳೂ ಇದರಲ್ಲೇ) ಕೆಳಗಿನ ಲೈಮನ್, ವರ್ನರ್ ಎಂಬ ಗೆರೆಗಳ ಪಟ್ಟಿಗಳಲ್ಲಿ ಚೆನ್ನಾಗಿ ಹೀರುತ್ತದೆ. 3000ಕ್ಕಿಂತ ಕೆಳಗಿನದ್ದನ್ನು ನಮ್ಮ ವಾತಾವರಣ ತಡೆಯುವುದರಿಂದ, ನೆಲದ ದೂರದರ್ಶಕಕ್ಕೆ ಕೆಂಪು ಪಲ್ಲಟ ಸುಮಾರು 1.8 ದಾಟಿದ ಅನಿಲವೇ ಬೇಕು.

ಒಂದು ನಿಜವಾದ ಉದಾಹರಣೆ ತೆಗೆದುಕೊಳ್ಳೋಣ: ಎಸ್‌ಡಿಎಸ್‌ಎಸ್ ಜೆ1439+1117 ಕ್ವೇಸಾರಿನ ಮುಂದೆ 2.4184 ಕೆಂಪು ಪಲ್ಲಟದಲ್ಲಿರುವ ಅನಿಲ. ಮೊದಲು ಬಿಡಿ ಜಲಜನಕದ ಲೈಮನ್-ಆಲ್ಫಾ ಗೆರೆಯ ಅಗಲವಾದ ತಗ್ಗನ್ನು ಹುಡುಕಿ, 1215.67ನ್ನು 3.4184ರಿಂದ (1 + ಕೆಂಪು ಪಲ್ಲಟ) ಗುಣಿಸಿದರೆ ಅದು 4156ರ ಹತ್ತಿರ ಬರಬೇಕು. ನಿಖರವಾದ ಪಲ್ಲಟವನ್ನು ಲೋಹಗಳ (ಖಗೋಳದಲ್ಲಿ ಜಲಜನಕ, ಹೀಲಿಯಂ ಬಿಟ್ಟ ಎಲ್ಲ ಧಾತುಗಳು) ಕಿರಿದಾದ ಗೆರೆಗಳಿಂದ ತೆಗೆಯಿರಿ. ನಾನಾದರೆ ತಟಸ್ಥ ಕಾರ್ಬನ್ನಿನ 1560, 1656 ಗೆರೆಗಳನ್ನು ನೋಡದೆ ಮುಂದೆ ಹೋಗುವುದಿಲ್ಲ, ಅದು ಇರುವಲ್ಲಿ ಅಣುಗಳೂ ಸಿಗುವ ಸಂಭವ ತುಂಬಾ ಹೆಚ್ಚು. ಆಮೇಲೆ ಅಣು ಜಲಜನಕದ ಜಾಗಗಳನ್ನು ಲೆಕ್ಕ ಹಾಕಿ: ಲೈಮನ್ 1-0 ಪಟ್ಟಿಯ ಆರ್(0) ಗೆರೆ (ಆವರಣದ ಅಂಕಿ ಅಣುವಿನ ತಿರುಗುವಿಕೆಯ ಮಟ್ಟ, ಜೆ) 1092.19ರಿಂದ 3733.5ಕ್ಕೆ, ಅದರ ಜೊತೆಗಾರ ಆರ್(1) 3735.4ಕ್ಕೆ ಬೀಳುತ್ತದೆ. ನಡುವೆ ಬರೀ 1.9 ಆಂಗ್‌ಸ್ಟ್ರಾಮ್. 2000 ವಿಭೇದನದ (ಅಲೆಯುದ್ದವನ್ನು ಬೇರ್ಪಡಿಸಬಲ್ಲ ಅತಿ ಚಿಕ್ಕ ಅಂತರದಿಂದ ಭಾಗಿಸಿದ ಸಂಖ್ಯೆ) ರೋಹಿತದಲ್ಲಿ ಇವೆರಡೂ ಕಲೆತುಹೋಗುತ್ತವೆ. ಚಿಲಿಯ ಪರನಾಲ್‌ನಲ್ಲಿರುವ 8.2 ಮೀಟರ್ ದೂರದರ್ಶಕ ವಿಎಲ್‌ಟಿಯ ಯುವಿಇಎಸ್ ರೋಹಿತ ಉಪಕರಣ ಸುಮಾರು 45,000 ವಿಭೇದನ ಕೊಡುತ್ತದೆ, ಅಲ್ಲಿ ಬೇರೆಬೇರೆಯಾಗಿ ಕಾಣುತ್ತವೆ.

ತೊಂದರೆ ಏನೆಂದರೆ ಈ ಗೆರೆಗಳೆಲ್ಲ ಲೈಮನ್-ಆಲ್ಫಾ ಕಾಡಿನೊಳಗೇ ಬೀಳುತ್ತವೆ. ದಾರಿಯುದ್ದಕ್ಕೂ ಇರುವ ಬಿಡಿ ಜಲಜನಕ ಮೂಡಿಸಿದ ಗೆರೆಗಳ ಗೊಂಡಾರಣ್ಯ ಅದು. ವೇಗದ ಲೆಕ್ಕದಲ್ಲಿ ಹೇಳುವುದಾದರೆ ಕಾಡಿನ ಗೆರೆಗಳು ಸಾಮಾನ್ಯವಾಗಿ ಸೆಕೆಂಡಿಗೆ 20–30 ಕಿ.ಮೀ. ಅಗಲ, ಅಣುವಿನವು ಕೆಲವೇ ಕಿ.ಮೀ. ಆದ್ದರಿಂದ ಕಾಡಿನ ಗೆರೆ ಮೇಲೆ ಬಿದ್ದ ಪಟ್ಟಿಗಳನ್ನು ಬಿಟ್ಟು, ಶುದ್ಧವಾಗಿ ಉಳಿದವನ್ನು ಒಟ್ಟಿಗೆ ಹೊಂದಿಸಬೇಕು. ಆ ಕಾಡಿನಲ್ಲಿ ಹಿನ್ನೆಲೆ ಬೆಳಕಿನ ಮಟ್ಟವನ್ನು ತುಸು ಕೆಳಗೆ ಎಳೆದರೂ ದುರ್ಬಲ ಗೆರೆಗಳು ಮಾಯವಾಗುತ್ತವೆ.

ಸೊನ್ನೆ ಮಟ್ಟವನ್ನೂ ಪರೀಕ್ಷಿಸಿ. ಪೂರ್ತಿ ತುಂಬಿದ (ಆ ಬಣ್ಣದ ಬೆಳಕನ್ನೆಲ್ಲ ಹೀರಿದ) ಗೆರೆಯ ತಳ ಸೊನ್ನೆ ಮುಟ್ಟದಿದ್ದರೆ ಆಕಾಶದ ಬೆಳಕನ್ನು ಸರಿಯಾಗಿ ಕಳೆದಿಲ್ಲ, ಇಲ್ಲವೇ ಮೋಡ ಕ್ವೇಸಾರಿನ ಬೆಳಕು ಸೂಸುವ ಪ್ರದೇಶವನ್ನು ಪೂರ್ತಿ ಮುಚ್ಚುತ್ತಿಲ್ಲ. ಎರಡನೆಯದು ನಿಜಕ್ಕೂ ಆಗುತ್ತದೆ. ಅಲೆಯುದ್ದಗಳಲ್ಲಿ ಒಂದು ಕಡೆ ಗಾಳಿಯ ಮೌಲ್ಯ, ಇನ್ನೊಂದು ಕಡೆ ನಿರ್ವಾತದ ಮೌಲ್ಯ ಬಳಸಿದರೆ 3700ರ ಬಳಿ ಸುಮಾರು 1 ಆಂಗ್‌ಸ್ಟ್ರಾಮ್, ಅಂದರೆ ಸೆಕೆಂಡಿಗೆ 80 ಕಿ.ಮೀ.ಗೂ ಮಿಕ್ಕಿ ತಪ್ಪು ಬರುತ್ತದೆ.

ಎಷ್ಟು ಅಣುಗಳಿವೆ ಎನ್ನುವಲ್ಲಿ ಇನ್ನೂ ಎಚ್ಚರ ಬೇಕು. ಬೆಳಕಿನ ದಾರಿಯುದ್ದಕ್ಕೂ ಚದರ ಸೆಂ.ಮೀ.ಗೆ 10¹⁶ರಿಂದ 10¹⁸ ಅಣುಗಳವರೆಗೆ ಗೆರೆಗಳು ತುಂಬಿಬಿಟ್ಟಿರುತ್ತವೆ, ಅಗಲದ ಊಹೆ ಚೂರು ಬದಲಾದರೂ ಉತ್ತರ ಹತ್ತು ಪಟ್ಟು ಏರುಪೇರಾಗಬಹುದು. 10¹⁹ರ ಹೊತ್ತಿಗೆ ಅಂಚುಗಳಲ್ಲಿ ರೆಕ್ಕೆಗಳು ಮೂಡುತ್ತವೆ, ಅಲ್ಲಿಂದ ಲೆಕ್ಕ ಭದ್ರ. ಅಣುಗಳು ದಟ್ಟವಾಗಿದ್ದಾಗ ಜೆ=1 ಮತ್ತು ಜೆ=0 ಮಟ್ಟಗಳ ಅನುಪಾತವೇ ಥರ್ಮಾಮೀಟರ್: ಅದು 9ನ್ನು ಇ ಘಾತ (−170.5/ತಾಪಮಾನ)ದಿಂದ ಗುಣಿಸಿದಷ್ಟು. 1.6 ಬಂದರೆ ಅನಿಲ ಸುಮಾರು 100 ಕೆಲ್ವಿನ್.

ಗೆರೆ ಸಿಗದಿದ್ದರೆ ಗಾಬರಿ ಬೇಡ. 2008ರ ಯುವಿಇಎಸ್ ಸಮೀಕ್ಷೆಯಲ್ಲಿ 77 ದಟ್ಟ ಜಲಜನಕ ಮೋಡಗಳ ಪೈಕಿ 13ರಲ್ಲಿ ಮಾತ್ರ ಅಣು ಜಲಜನಕ ಸಿಕ್ಕಿತು. ತಣ್ಣನೆಯ ತುಣುಕುಗಳು ಚಿಕ್ಕವು. ಧೂಳು ಹೆಚ್ಚಿದ್ದಲ್ಲಿ ಕ್ವೇಸಾರೇ ಮಂಕಾಗಿ ಸಮೀಕ್ಷೆಯ ಯಾದಿಯಿಂದ ತಪ್ಪಿಹೋಗುತ್ತದೆ.

ಜೆ1439ರಲ್ಲಿ ಮಾತ್ರ ಅದೃಷ್ಟ ಚೆನ್ನಾಗಿತ್ತು. ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಸಿಎಎಯ ಶ್ರೀಆನಂದ್ ಮತ್ತು ಸಂಗಡಿಗರು 2008ರಲ್ಲಿ ಅಲ್ಲಿ ಕಾರ್ಬನ್ ಮಾನಾಕ್ಸೈಡನ್ನೂ ಕಂಡರು. ಅದರ 1544, 1509, 1477ರ ಪಟ್ಟಿಗಳು 5280ರಿಂದ 5050ರ ನಡುವೆ, ಕಾಡಿನಿಂದ ಆಚೆ ಬೀಳುತ್ತವೆ. ಅವುಗಳ ಮಟ್ಟಗಳು ತೋರಿಸಿದ ತಾಪಮಾನ 9.15 ಕೆಲ್ವಿನ್, 0.72ರ ಆಚೀಚೆ. ಆ ಮಟ್ಟಗಳನ್ನು ಮುಖ್ಯವಾಗಿ ನಿರ್ಧರಿಸುವ ವಿಶ್ವದ ಹಿನ್ನೆಲೆ ವಿಕಿರಣ (ಮಹಾಸ್ಫೋಟದಿಂದ ಉಳಿದ ಬೆಳಕು) ಆ ಕಾಲಕ್ಕೆ 2.725 × 3.4184, ಅಂದರೆ 9.3 ಕೆಲ್ವಿನ್ ಇರಬೇಕಿತ್ತು; ಎರಡೂ ತಾಳೆಯಾಗುತ್ತವೆ.