ಹೊಗೆ ಎಲ್ಲಿ ಹೋಯಿತು?

ನಮಸ್ಕಾರ.

ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ಆಲ್‌ಫ್ರಿಸ್ಟನ್ ಹಳ್ಳಿಗೆ ಹೋಗಿಬಂದು, ಅಲ್ಲಿನ ‘ಕ್ಲರ್ಜಿ ಹೌಸ್’ ಎಂಬ ಹಳೆಯ ಮನೆಯ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ, ತಿದ್ದಿ ಕಳಿಸಿ.

ಮೊದಲ ಮೂರು ಪುಟಗಳಲ್ಲಿ “ಕಾಲವೇ ನಿಂತುಹೋಗಿತ್ತು”, “ಕನಸಿನ ಲೋಕ” ಎಂಬ ಮಾತುಗಳಿವೆ, ಮನೆ ಮಾತ್ರ ಕಾಣುವುದಿಲ್ಲ. ನಾಲ್ಕನೇ ಪುಟದ ಕೊನೆಗೆ ಒಂದು ಸಾಲು: “ನೆಲ ಸೀಮೆಸುಣ್ಣದ ಕಲ್ಲಿನದು, ಹುಳಿ ಹಾಲು ಹಾಕಿ ಗಟ್ಟಿ ಮಾಡಿದ್ದು.” ಓದಿದ ಕೂಡಲೇ ನೆಟ್ಟಗೆ ಕೂತೆ. ಆ ಕಡೆಯ ಗುಡ್ಡಗಳೇ ಸೀಮೆಸುಣ್ಣದವು. ಊರಿನ ಸುತ್ತ ಸಿಗುವ ಕಲ್ಲನ್ನೇ ಕುಟ್ಟಿ, ಕೊಟ್ಟಿಗೆಯ ಹಾಲಿನಿಂದ ನೆಲ ಮಾಡಿಕೊಂಡ ಜನ ಅವರು. ಲೇಖನ ಇಲ್ಲಿಂದ ಶುರುವಾಗಲಿ.

ಇನ್ನು ನಡುಮನೆ. ಚಿಮಣಿ ಇರಲಿಲ್ಲ ಎಂದು ಒಂದೇ ವಾಕ್ಯ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಹಾಗಾದರೆ ಹೊಗೆ ಎಲ್ಲಿ ಹೋಯಿತು? 14ನೇ ಶತಮಾನದ ಇಂಥ ಮನೆಗಳಲ್ಲಿ ಒಲೆ ಇರುತ್ತಿದ್ದುದು ನೆಲದ ನಡುವೆ. ಹೊಗೆ ಮೇಲೇರಿ ಮಾಡಿನ ಸಂದಿಗಳಲ್ಲಿ ಹೊರಬೀಳಬೇಕು. ಅದಕ್ಕೇ ನಡುಮನೆಗೆ ಅಟ್ಟವಿಲ್ಲ, ತಲೆಯೆತ್ತಿದರೆ ನೇರ ಹುಲ್ಲಿನ ಮಾಡಿನ ತೊಲೆಗಳೇ. ಮಹಡಿ ಇರುವುದು ಎರಡು ಪಕ್ಕಗಳಲ್ಲಿ ಮಾತ್ರ. ಓಕ್ ಮರದ ಚೌಕಟ್ಟು, ಹೆಣೆದ ಕಡ್ಡಿಗೆ ಮಣ್ಣು ಮೆತ್ತಿದ ಗೋಡೆ ಎಲ್ಲವನ್ನೂ ವರ್ಣಿಸಿದ್ದೀರಿ, ಸರಿ. ಆದರೆ ಆ ಮನೆಯ ಆಕಾರಕ್ಕೆ ಕಾರಣವಾದ ಹೊಗೆಯನ್ನೇ ಬಿಟ್ಟಿದ್ದೀರಿ. ತೊಟ್ಟಿಮನೆಯ ಹೋಲಿಕೆ ತೆಗೆಯಿರಿ. ತೊಟ್ಟಿಯ ಮೇಲೆ ಆಕಾಶವಿದೆ, ಇಲ್ಲಿ ಮಾಡು ಇದೆ.

ಇಸವಿ ತಪ್ಪಿದೆ. ಹಳೆಯ ಕಟ್ಟಡ, ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಹುಟ್ಟಿದ್ದು 1895ರಲ್ಲಿ, ಈ ಮನೆಯನ್ನು ಕೊಂಡದ್ದು 1896ರಲ್ಲಿ. ಟ್ರಸ್ಟ್ ಕೊಂಡ ಮೊದಲ ಕಟ್ಟಡವೇ ಇದು, ಬೆಲೆ 10 ಪೌಂಡ್. ಕೆಡವಲು ಹೊರಟಿದ್ದ ಮನೆಯನ್ನು ಉಳಿಸಲು ಊರಿನ ಪಾದ್ರಿ ಬೇನನ್ ವರ್ಷಗಟ್ಟಲೆ ಓಡಾಡಿದರು. ಅವರ ಹೆಸರೇ ನಿಮ್ಮಲ್ಲಿಲ್ಲ, ನನಗೆ ನಿಜಕ್ಕೂ ಬೇಸರವಾಯಿತು. ಟ್ರಸ್ಟಿನ ಓಕ್ ಎಲೆಯ ಲಾಂಛನ ಈ ಮನೆಯ ಕೆತ್ತನೆಯಿಂದಲೇ ಬಂತು ಎಂದು ಖಡಾಖಂಡಿತ ಬರೆದಿದ್ದೀರಿ. ಹಾಗೆ ಹೇಳುವುದುಂಟು, ಅಷ್ಟೇ, ‘ಎನ್ನುತ್ತಾರೆ’ ಸೇರಿಸಿ.

ಒಂದು ವಿಷಯ ಕೇಳಬೇಕಿತ್ತು. ಆ ನೆಲದ ಮೇಲೆ ನಡೆದಾಗ ಕಾಲಿಗೆ ಹೇಗನ್ನಿಸಿತು? ನುಣುಪೋ, ತರಿತರಿಯೋ? ನೆನಪಿದ್ದರೆ ಅದನ್ನೂ ಬರೆದು ಕಳಿಸಿ.

ಇಂತಿ,
ಸಂಪಾದಕ