ಜನವರಿ 1ಕ್ಕೆ ಹದಿನೆಂಟು ತುಂಬುವ ಹುಡುಗ

ಪ್ರಶ್ನೆ: ನಾವು ಇಪ್ಪತ್ತು ವರ್ಷಗಳಿಂದ ಇಂಗ್ಲೆಂಡಿನಲ್ಲಿರುವ ಮೈಸೂರು ಕಡೆಯ ದಂಪತಿ. ಮಗಳು ಓದಿಗೆಂದು ಬೇರೆ ಊರಿಗೆ ಹೋದ ಮೇಲೆ ಕೌನ್ಸಿಲಿನ (ಸ್ಥಳೀಯ ಆಡಳಿತದ) ಫಾಸ್ಟರ್ ಕೇರರ್, ಅಂದರೆ ಹೆತ್ತವರ ಜೊತೆಗಿರಲಾಗದ ಮಕ್ಕಳನ್ನು ಮನೆಯಲ್ಲಿಟ್ಟು ನೋಡಿಕೊಳ್ಳುವವರು, ಆದೆವು. ಆಫ್ರಿಕಾದ ಎರಿಟ್ರಿಯಾದಿಂದ ಒಬ್ಬನೇ ಬಂದ ಹುಡುಗ ಒಂದೂವರೆ ವರ್ಷದಿಂದ ನಮ್ಮ ಜೊತೆಗಿದ್ದಾನೆ. ಬರುವ ಜನವರಿ 1ಕ್ಕೆ ಅವನಿಗೆ 18 ತುಂಬುತ್ತದೆ. ಅವನ ಊಟ, ಬಟ್ಟೆ, ಬ್ಯಾಂಕು, ಡಾಕ್ಟರು ಎಲ್ಲವನ್ನೂ ನಾನೇ ನೋಡಿಕೊಳ್ಳುವುದರಿಂದ ಅವನು ಕೈಲಾಗದವನಾಗುತ್ತಾನೆ ಎಂದು ಯಜಮಾನರು ಹೇಳುತ್ತಾರೆ. ಸೋಷಿಯಲ್ ವರ್ಕರ್ ಅವನು ಕಲಿಯಬೇಕಾದ ಕೆಲಸಗಳ ಪಟ್ಟಿ ಕೊಟ್ಟಾಗಿನಿಂದ ಹುಡುಗ ಮಾತು ಬಿಟ್ಟಿದ್ದಾನೆ. ನಡುರಾತ್ರಿ ಅಡುಗೆಮನೆಯಲ್ಲಿ ಕೂತಿರುತ್ತಾನೆ. ನಾನು ಅವನನ್ನು ಹಿಡಿದಿಟ್ಟುಕೊಳ್ಳುತ್ತಿದ್ದೇನೆಯೇ?

ಉತ್ತರ: ಸ್ವಲ್ಪ ಮಟ್ಟಿಗೆ ಹೌದು. ಆದರೆ ಹುಡುಗನ ಮೌನಕ್ಕೆ ಕಾರಣ ನಿಮ್ಮ ಮುದ್ದಲ್ಲ, ಆ ಪಟ್ಟಿ ಎಂದು ನನಗೆ ಅನ್ನಿಸುತ್ತದೆ. ಅವನ ದೇಶದಲ್ಲಿ ಕಾನೂನಿನ ಪ್ರಕಾರ 18 ತಿಂಗಳಿದ್ದ ರಾಷ್ಟ್ರೀಯ ಸೇವೆ 1998ರ ಗಡಿಯುದ್ಧದ ನಂತರ ಕೊನೆಯಿಲ್ಲದ ಸೇವೆಯಾಯಿತು. ಅದಕ್ಕೆ ಹೆದರಿ ಹೊರಡುವ ಹುಡುಗರಲ್ಲಿ ಅನೇಕರು ಸುಡಾನ್, ಲಿಬಿಯಾ, ಮೆಡಿಟರೇನಿಯನ್ ಸಮುದ್ರ, ಫ್ರಾನ್ಸಿನ ಕ್ಯಾಲೆ ಹೀಗೆ ಪ್ರತಿಯೊಂದು ತಂಗುದಾಣದಿಂದಲೂ ಎಬ್ಬಿಸಲ್ಪಟ್ಟು ಇಲ್ಲಿಗೆ ಬಂದಿರುತ್ತಾರೆ. ಅಂಥವನಿಗೆ ‘ಅಡುಗೆ ಕಲಿ, ಬಿಲ್ಲು ಕಟ್ಟುವುದನ್ನು ಕಲಿ’ ಎಂಬ ಮಾತು ‘ಗಂಟುಮೂಟೆ ಕಟ್ಟು’ ಎಂದೇ ಕೇಳಿಸುತ್ತದೆ. ಆದ್ದರಿಂದ ಕಲಿಸುವ ಕೆಲಸಕ್ಕಿಂತ ಮೊದಲು ಜನವರಿ 2ರ ಬೆಳಿಗ್ಗೆ ಅವನು ಎಲ್ಲಿರುತ್ತಾನೆ ಎಂಬುದು ತೀರ್ಮಾನವಾಗಬೇಕು.

ನಿಮ್ಮ ಪತ್ರದಲ್ಲಿ ‘ಸ್ಟೇಯಿಂಗ್ ಪುಟ್’ (ಇದ್ದ ಮನೆಯಲ್ಲೇ ಉಳಿಯುವ ಏರ್ಪಾಡು) ಎಂಬ ಮಾತೇ ಇಲ್ಲದಿರುವುದು ನನಗೆ ಆಶ್ಚರ್ಯ ತಂದಿತು. ಇಂಗ್ಲೆಂಡಿನಲ್ಲಿ 2014ರ ಕಾಯ್ದೆಯ ಪ್ರಕಾರ, ಹುಡುಗನೂ ನೀವೂ ಒಪ್ಪಿದರೆ ಅವನು 21 ವರ್ಷದವರೆಗೆ ನಿಮ್ಮ ಮನೆಯಲ್ಲೇ ಮುಂದುವರಿಯಬಹುದು, ಮತ್ತು ಅವನ ಹಿತಕ್ಕೆ ವಿರುದ್ಧವಲ್ಲದಿದ್ದರೆ ಕೌನ್ಸಿಲ್ ಅದಕ್ಕೆ ನೆರವಾಗಬೇಕು. ಆಗ ಅದು ಫಾಸ್ಟರಿಂಗ್ ಎನ್ನಿಸುವುದಿಲ್ಲ, ನಿಮಗೆ ಬರುವ ಹಣ ಸಾಮಾನ್ಯವಾಗಿ ಕಡಿಮೆಯಾಗುತ್ತದೆ, ಮತ್ತು ಮನೆಗೆ ಇನ್ನೊಂದು ಮಗು ಬರುವುದಾದರೆ ವಯಸ್ಕನಾದ ಇವನ ಹಿನ್ನೆಲೆ ತಪಾಸಣೆಯೂ ಆಗಬೇಕಾಗುತ್ತದೆ. ಈ ಹಣದ ಲೆಕ್ಕವನ್ನು ನೀವಿಬ್ಬರೂ ಸಂಕೋಚವಿಲ್ಲದೆ ಕೂತು ಹಾಕಿ. ಮಾತನಾಡದೆ ಉಳಿದ ಹಣದ ವಿಷಯ ಆಮೇಲೆ ಹುಡುಗನ ಮೇಲಿನ ಸಿಡುಕಾಗಿ ಹೊರಬರುತ್ತದೆ. ಅವನ ಆಶ್ರಯದ ಅರ್ಜಿ ಇನ್ನೂ ತೀರ್ಮಾನವಾಗಿಲ್ಲದಿದ್ದರೆ ಸಾಮಾನ್ಯವಾಗಿ ಅವನು ದುಡಿಯುವಂತಿಲ್ಲ, ಸರ್ಕಾರದ ಭತ್ಯೆಯೂ ಸಿಗುವುದಿಲ್ಲ. ಹಾಗಾಗಿ 18ರ ನಂತರ ಅವನ ಖರ್ಚನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಅವನ ಮುಂದಿನ ದಾರಿಯ ಬಗ್ಗೆ ಕೌನ್ಸಿಲ್ ಬರೆಯುವ ಪಾತ್‌ವೇ ಪ್ಲಾನಿನಲ್ಲಿ ಸ್ಪಷ್ಟವಾಗಿ ಬರೆಸಿ, ಅವನ ವಕೀಲರನ್ನೂ ಒಮ್ಮೆ ಕೇಳಿ.

ಇನ್ನು ನಿಮ್ಮ ಯಜಮಾನರ ಮಾತು. ಅವರು ಹೇಳುವುದರಲ್ಲಿ ಹುರುಳಿದೆ, ಆದರೆ ‘ಕೈಲಾಗದವನು’ ಎಂಬ ಪದ ತಪ್ಪು. ಮರುಭೂಮಿ, ಸಮುದ್ರ ದಾಟಿ ಬಂದವನಿಗೆ ಧೈರ್ಯವನ್ನು ನಾವು ಕಲಿಸಬೇಕಾಗಿಲ್ಲ. ಅವನಿಗೆ ಗೊತ್ತಿಲ್ಲದಿರುವುದು ಈ ದೇಶದ ಕಾಗದದ ಲೋಕ: ಬಾಗಿಲ ಸಂದಿಯಿಂದ ಬೀಳುವ ಲಕೋಟೆಗಳಲ್ಲಿ ಯಾವುದಕ್ಕೆ ಇಂದೇ ಉತ್ತರಿಸಬೇಕು, ಯಾವುದನ್ನು ಎಸೆಯಬಹುದು ಎಂಬ ತಿಳಿವಳಿಕೆ. ಡಾಕ್ಟರಿಗೆ ನೀವು ಫೋನ್ ಮಾಡುವ ಬದಲು ಅವನೇ ಮಾಡಲಿ, ನೀವು ಪಕ್ಕದಲ್ಲಿ ಕೂತಿರಿ. ತನ್ನ ಭಾಷೆಯಾದ ತಿಗ್ರಿನ್ಯಾದ ದುಭಾಷಿ ಬೇಕೆಂದು ಅವನೇ ಕೇಳಲಿ. ಮೊದಲ ಸಲ ಜೊತೆಗೆ, ಎರಡನೆಯ ಸಲ ಪಕ್ಕದ ಕೋಣೆಯಲ್ಲಿ, ಮೂರನೆಯ ಸಲ ನೀವು ಮಾರ್ಕೆಟ್ಟಿಗೆ ಹೋಗಿರಿ. ಒಂದು ಅಪಾಯಿಂಟ್‌ಮೆಂಟ್ ತಪ್ಪಿದರೆ ತಪ್ಪಲಿ. ನೀವು ಮನೆಯಲ್ಲಿರುವಾಗಲೇ ತಪ್ಪುವುದು ಒಳ್ಳೆಯದು.

ಅಡುಗೆಮನೆಯನ್ನು ಮಾತ್ರ ಪಟ್ಟಿಯಿಂದ ಹೊರಗಿಡಿ, ಏಕೆಂದರೆ ಅಲ್ಲಿ ಅವನು ನಿಮಗೆ ಕಲಿಸಬಲ್ಲ. ಅವರ ಇಂಜೆರಾ ಎಂಬ ರೊಟ್ಟಿಗೆ ಹಿಟ್ಟು ಕಲಸಿ ಹುಳಿ ಬರಿಸುವುದು ನಮ್ಮ ದೋಸೆ ಹಿಟ್ಟಿನಂತೆಯೇ. ಅವನು ಆರ್ಥೊಡಾಕ್ಸ್ ಕ್ರೈಸ್ತನಾಗಿದ್ದರೆ ಮಾಂಸ, ಹಾಲಿನ ಪದಾರ್ಥ ಬಿಡುವ ಬುಧವಾರ, ಶುಕ್ರವಾರದ ಉಪವಾಸಕ್ಕೆ ತುಪ್ಪ ಹಾಕದ ನಿಮ್ಮ ಸಾರು, ಪಲ್ಯ ಸಲೀಸಾಗಿ ಒಗ್ಗುತ್ತದೆ. ಅಡುಗೆ ಹೆಂಗಸರ ಕೆಲಸ ಎಂದು ಅವನು ಹಿಂಜರಿಯಬಹುದು; ನಮ್ಮ ಮನೆಗಳ ಗಂಡುಮಕ್ಕಳೂ ಅಷ್ಟೇ ತಾನೇ. ಸ್ವಾವಲಂಬನೆಯ ಪರವಾಗಿ ಇಷ್ಟು ವಾದಿಸುವ ನಿಮ್ಮ ಯಜಮಾನರೇ ವಾರಕ್ಕೆರಡು ದಿನ ಅವನೊಂದಿಗೆ ಒಲೆಯ ಮುಂದೆ ನಿಲ್ಲಲಿ.

ನಡುರಾತ್ರಿ ಅವನನ್ನು ಕಂಡಾಗ ಏನನ್ನೂ ಕೆದಕಬೇಡಿ. ತನ್ನ ಕಥೆಯನ್ನು ಅಧಿಕಾರಿಗಳಿಗೂ ವಕೀಲರಿಗೂ ಹೇಳಬೇಕಾದ ಹುಡುಗನಿಗೆ ಮನೆಯಲ್ಲೂ ಒಂದು ಸಂದರ್ಶನ ಬೇಡ. ನಿದ್ದೆಗೇಡು ವಾರಗಟ್ಟಲೆ ಮುಂದುವರಿದರೆ ಡಾಕ್ಟರಿಗೆ ತಿಳಿಸುವ ವಿಷಯವನ್ನು ಅವನೊಂದಿಗೇ ಮಾತನಾಡಿ. ಮನೆಯವರ ಸುದ್ದಿ ತಿಳಿಯದೆ ಕಂಗಾಲಾಗಿದ್ದರೆ ಬ್ರಿಟಿಷ್ ರೆಡ್ ಕ್ರಾಸ್ ಕುಟುಂಬದವರನ್ನು ಹುಡುಕಿಕೊಡುವ ಕೆಲಸ ಮಾಡುತ್ತದೆ, ಆದರೆ ಆ ಹೆಜ್ಜೆಯನ್ನು ಅವನ ಒಪ್ಪಿಗೆಯಿಲ್ಲದೆ ಇಡಬೇಡಿ. ಕೈಖರ್ಚಿನ ಹಣವನ್ನು ಊರಿಗೆ ಕಳಿಸುತ್ತಿರುವುದು ಗೊತ್ತಾದರೆ ಗದರಬೇಡಿ. ಪ್ರಯಾಣದ ಸಾಲ ಎಷ್ಟೋ ಹುಡುಗರ ಹೆಗಲ ಮೇಲಿರುತ್ತದೆ. ಅವನ ಭಾಷೆಯ ಚರ್ಚು, ಗೆಳೆಯರು ಸಿಕ್ಕಿ ಭಾನುವಾರ ಅವನು ಮನೆಯಲ್ಲಿ ಇಲ್ಲದಂತಾದರೆ ಬೇಸರಪಡಬೇಡಿ. ಈ ದೇಶಕ್ಕೆ ಬಂದ ಹೊಸತರಲ್ಲಿ ಕನ್ನಡ ಕೇಳಲೆಂದೇ ನೀವು ಎಷ್ಟು ದೂರ ಹೋಗುತ್ತಿದ್ದಿರಿ ಎಂಬುದನ್ನು ನೆನಪಿಸಿಕೊಳ್ಳಿ.

ಇಪ್ಪತ್ತೊಂದಕ್ಕಿಂತ ಮೊದಲೇ ಅವನು ಬೇರೆ ಕೋಣೆ ಹಿಡಿಯಲು ಬಯಸಬಹುದು. ಆಗಲೂ ಅವನ ನೆರವಿಗೆ ಕೌನ್ಸಿಲಿನ ಪರ್ಸನಲ್ ಅಡ್ವೈಸರ್ ಇರುತ್ತಾರೆ; ಕೇಳಿದರೆ 25 ವರ್ಷದವರೆಗೂ ಆ ಸಹಾಯ ಸಿಗುತ್ತದೆ. ಆದರೆ ಅದು ಮುಂದಿನ ಮಾತು. ಈ ವಾರವೇ ಸೋಷಿಯಲ್ ವರ್ಕರಿಗೆ ಪತ್ರ ಬರೆದು, ಅವನು ನಿಮ್ಮಲ್ಲೇ ಉಳಿಯುವ ವಿಷಯವನ್ನು ಮುಂದಿನ ಪರಿಶೀಲನಾ ಸಭೆಯಲ್ಲಿ ತೀರ್ಮಾನಿಸಿ ಲಿಖಿತವಾಗಿ ಕೊಡಬೇಕೆಂದು ಕೇಳಿ. ಆ ಕಾಗದ ಕೈಸೇರುವವರೆಗೆ ‘ನಮ್ಮ ಇಷ್ಟ ಇದು, ಅದಕ್ಕಾಗಿ ಕೇಳಿದ್ದೇವೆ’ ಎಂದಷ್ಟೇ ಅವನಿಗೆ ಹೇಳಿ. ಕೈಸೇರಿದ ದಿನ ದುಭಾಷಿಯನ್ನು ಕರೆಸಿ ಅವನ ಭಾಷೆಯಲ್ಲೇ ಓದಿಸಿ. ಬಾಯಿಮಾತಿನ ಭರವಸೆಗಳನ್ನು ಅವನು ದಾರಿಯುದ್ದಕ್ಕೂ ಕೇಳಿಕೊಂಡೇ ಬಂದಿದ್ದಾನೆ.