ಗುಂಡಿ ತಪ್ಪಿಸಬೇಕು ಅಂದುಕೊಂಡಷ್ಟೂ ಬೈಕ್ ಗುಂಡಿಗೇ ಹೋಗುತ್ತದೆ. ಟೈರ್ ಬದಲಾಯಿಸಬೇಕಾ, ಎಬಿಎಸ್ ಇರುವ ಬೈಕ್ ತಗೊಳ್ಳಬೇಕಾ?

ಟೈರೂ ಬೇಡ, ಬೈಕೂ ಬೇಡ. ದುಡ್ಡು ಜೇಬಲ್ಲೇ ಇರಲಿ. ನಿಮ್ಮ ಪ್ರಶ್ನೆ ಓದಿದ ಕೂಡಲೇ ನನಗೆ ಒಂದು ಕಲ್ಲು ನೆನಪಾಯಿತು.

ನಮ್ಮೂರು ತುಮಕೂರು. ದೇವರಾಯನದುರ್ಗ ಇಲ್ಲಿಂದ ಸುಮಾರು 15 ಕಿಲೋಮೀಟರ್. ಭಾನುವಾರ ಬೆಳಿಗ್ಗೆ ಮನೆಯಲ್ಲಿ ಕೂರಲು ಬೇಜಾರಾದರೆ ಹೊರಡುವುದು ಅಲ್ಲಿಗೇ. ನಾಮದ ಚಿಲುಮೆಯ ಕಾಡು ದಾಟಿ, ಬೆಟ್ಟ ಹತ್ತಿ, ಯೋಗಾನರಸಿಂಹನಿಗೆ ಕೈ ಮುಗಿದು ಬಂದು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದರೆ ಆ ವಾರಕ್ಕೆ ಸಾಕು. ಆ ದಾರಿಯಲ್ಲಿ ಐವತ್ತು ಸಲವಾದರೂ ಓಡಾಡಿದ್ದೆ.

ಅವತ್ತು ಹಿಂದೆ ಬಾಮೈದ ಕೂತಿದ್ದ. ಬೆಟ್ಟ ಇಳಿಯುತ್ತಿದ್ದೆವು. ಬಲಕ್ಕೆ ಹೊರಳುವ ಒಂದು ತಿರುವು. ಸ್ಪೀಡು 40ರ ಆಸುಪಾಸು, ಹುಚ್ಚು ಸ್ಪೀಡೇನಲ್ಲ. ಎಡಗಡೆ ಅಂಚಿಗೆ ಸುಣ್ಣ ಬಳಿದ ಕಲ್ಲುಗಳ ಸಾಲು. ಒಂದು ಕಲ್ಲಿನ ಮೇಲೆ ಕೋತಿಯೊಂದು ಕೂತು ಬಾಳೆಹಣ್ಣು ಸುಲಿಯುತ್ತಿತ್ತು. ಅಡ್ಡ ಬಂದುಬಿಟ್ಟರೆ ಅಂತ ಅದನ್ನೇ ನೋಡಿದೆ. ಅದು ಅಡ್ಡ ಬರಲಿಲ್ಲ, ಹಿಂದಕ್ಕೆ ಹಾರಿ ಪೊದೆ ಸೇರಿತು. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕೋತಿ ಹೋದ ಮೇಲೂ ನನ್ನ ಕಣ್ಣು ಆ ಕಲ್ಲು ಬಿಟ್ಟು ಕದಲಲಿಲ್ಲ.

ಆ ಕಲ್ಲನ್ನು ಈಗಲೂ ಬರೆದು ತೋರಿಸಬಲ್ಲೆ. ಬಲಮೂಲೆ ಒಡೆದಿತ್ತು. ಸುಣ್ಣದ ಮೇಲೆ ಕೆಂಪು ಬಣ್ಣದಲ್ಲಿ ಬಾಣ ಚುಚ್ಚಿದ ಹೃದಯ. ಅದರೊಳಗೆ ‘ರ’ ಮತ್ತು ‘ಸ’, ‘ಸ’ದ ಬಣ್ಣ ಕೆಳಗೆ ಇಳಿದು ಒಣಗಿತ್ತು. ಇಷ್ಟೆಲ್ಲ ಕಂಡಿದೆ ನೋಡಿ! ಆದರೆ ರಸ್ತೆ ಎಷ್ಟು ಅಗಲ ಇತ್ತು, ಮುಂದೆ ಎಲ್ಲಿಗೆ ತಿರುಗುತ್ತಿತ್ತು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ನನ್ನ ತಪ್ಪು ಇದೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕಥೆ ಕೇಳಿದವರೆಲ್ಲ ‘ಬ್ರೇಕ್ ಹಿಡಿಯೋದಲ್ವಾ’ ಅನ್ನುತ್ತಾರೆ. ಹಿಡಿದೆ. ಮುಂದಿನ ಬ್ರೇಕನ್ನೇ ಗಟ್ಟಿಯಾಗಿ ಹಿಡಿದೆ. ತಿರುವಿನಲ್ಲಿ ವಾಲಿಕೊಂಡಿದ್ದ ಗಾಡಿಗೆ ಹಾಗೆ ಬ್ರೇಕ್ ಬಿದ್ದರೆ ಅದು ನೆಟ್ಟಗಾಗುತ್ತದೆ, ನೆಟ್ಟಗಾದ ಗಾಡಿ ನೇರ ಹೋಗುತ್ತದೆ. ನೇರಕ್ಕೆ ಇದ್ದದ್ದು ಅದೇ ಕಲ್ಲು. 40ರ ಸ್ಪೀಡಿನಲ್ಲಿ ಗಾಡಿ ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಎರಡು ಸೆಕೆಂಡು ಕಲ್ಲು ನೋಡಿದೆ ಅಂದರೆ 22 ಮೀಟರ್ ರಸ್ತೆ ನೋಡಲೇ ಇಲ್ಲ ಅಂತ ಅರ್ಥ. ಇನ್ನೊಂದು ವಿಷಯ. ಕೈ ಪೂರ್ತಿ ಮುಂದಕ್ಕೆ ಚಾಚಿ ಹೆಬ್ಬೆರಳಿನ ಉಗುರು ನೋಡಿ. ಕಣ್ಣಿಗೆ ಒಂದು ಸಲಕ್ಕೆ ನಿಚ್ಚಳವಾಗಿ ಕಾಣುವುದು ಹೆಚ್ಚುಕಮ್ಮಿ ಅಷ್ಟೇ ಅಗಲ, ಉಳಿದದ್ದೆಲ್ಲ ಮಸುಕು. ಆ ಉಗುರಿನಷ್ಟು ಜಾಗವನ್ನು ನಾನು ಕಲ್ಲಿಗೆ ಕೊಟ್ಟುಬಿಟ್ಟಿದ್ದೆ. ಕಣ್ಣು ಹೋದ ಕಡೆ ತಲೆ, ತಲೆ ಹೋದ ಕಡೆ ಭುಜ, ಭುಜದ ಹಿಂದೆ ಕೈ. ಹ್ಯಾಂಡಲ್ ಪಾಪ ಕೈ ಹೇಳಿದ್ದು ಕೇಳಿತು.

ಎಡಭುಜದ ಮುಂದಿನ ಮೂಳೆ ಮುರಿದು ಆರು ವಾರ ಕೈ ಕುತ್ತಿಗೆಗೆ ಕಟ್ಟಿಕೊಂಡಿದ್ದೆ. ಗಾಡಿಯ ಮುಂದಿನ ಚಕ್ರ ಹಿಡಿದಿಡುವ ಫೋರ್ಕ್ ಬೆಂಡಾಯಿತು. ಬಾಮೈದ ಲಂಟಾನದ ಪೊದೆಗೆ ಬಿದ್ದು ಮೈಯೆಲ್ಲ ಪರಚಿಸಿಕೊಂಡು ಎದ್ದ. ಎದ್ದವನು ಮೊದಲು ಹೇಳಿದ್ದು, ‘ಭಾವ, ಬಲಗಡೆ ಬಸ್ಸು ಹೋಗುವಷ್ಟು ಜಾಗ ಇತ್ತಲ್ಲ!’ ಹಿಂದೆ ಕೂತವನಿಗೆ ಕಂಡ ರಸ್ತೆ ಹ್ಯಾಂಡಲ್ ಹಿಡಿದವನಿಗೆ ಕಂಡಿರಲಿಲ್ಲ.

ಕಣ್ಣು ನೆಟ್ಟ ಕಡೆಗೇ ಗಾಡಿ ಹೋಗುವ ಈ ಕಾಯಿಲೆಗೆ ಟಾರ್ಗೆಟ್ ಫಿಕ್ಸೇಶನ್ ಅಂತ ಹೆಸರು. ಎರಡನೇ ಮಹಾಯುದ್ಧದಲ್ಲಿ ಗುರಿಯನ್ನೇ ನೋಡುತ್ತಾ ವಿಮಾನ ಕೆಳಗಿಳಿಸಿದ ಪೈಲಟ್‌ಗಳು, ಮೇಲೆತ್ತುವುದು ತಡವಾಗಿ ಗುರಿಗೇ ಅಪ್ಪಳಿಸುತ್ತಿದ್ದರಂತೆ. ಅಷ್ಟು ದೂರ ಯಾಕೆ, ನೀವು ಒಳಪೆಡಲ್ ತುಳಿದು ಸೈಕಲ್ ಕಲಿತವರಾದರೆ ನೆನಪಿರಬೇಕು. ಇಡೀ ಮೈದಾನಕ್ಕೆ ಒಂದೇ ಕರೆಂಟ್ ಕಂಬ. ಸೈಕಲ್ ಹೋಗಿ ಗುದ್ದಿದ್ದು ಅದಕ್ಕೇ, ಅಲ್ವಾ?

ನನ್ನದು ಎಬಿಎಸ್ ಇಲ್ಲದ ಹಳೇ ಗಾಡಿ. 125 ಸಿಸಿ ಮೇಲಿನ ಬೈಕುಗಳಿಗೆಲ್ಲ ಅದು ಕಡ್ಡಾಯ ಆಗಿದ್ದು ಏಪ್ರಿಲ್ 2019ರಿಂದ. ಇದ್ದಿದ್ದರೂ ಅವತ್ತು ಕಲ್ಲಿಗೇ ಹೋಗುತ್ತಿದ್ದೆ. ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವುದು ಎಬಿಎಸ್ ಕೆಲಸ. ನೀವು ಎಲ್ಲಿ ನೋಡುತ್ತಿದ್ದೀರಿ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಟೈರ್ ಸವೆದಿದ್ದರೆ ಹಾಕಿಸಿ, ಅದು ಬೇರೆ ಲೆಕ್ಕ.

ಕೈ ಸರಿಹೋದ ಮೇಲೆ ನಾನು ಮಾಡಿದ್ದು ಸುಮ್ನೆ ಮಕ್ಕಳಾಟದ ಥರ ಇದೆ, ನಗಬೇಡಿ. ಗುಂಡಿ ಕಂಡ ತಕ್ಷಣ ಹೆಲ್ಮೆಟ್ ಒಳಗೇ ಜೋರಾಗಿ ‘ಜಾಗ’ ಅನ್ನುತ್ತಿದ್ದೆ. ‘ಗುಂಡಿ’ ಅಂದರೆ ಕಣ್ಣು ಗುಂಡಿಗೆ ಹೋಗುತ್ತದೆ. ‘ಜಾಗ’ ಅಂದರೆ ಪಕ್ಕದಲ್ಲಿ ಎಲ್ಲಿ ಜಾಗ ಇದೆ ಅಂತ ಹುಡುಕುತ್ತದೆ. ನಮ್ಮ ಬಡಾವಣೆಯ ಮ್ಯಾನ್‌ಹೋಲ್ ಮುಚ್ಚಳಗಳ ಮೇಲೆ ಒಂದು ತಿಂಗಳು ಇದೇ ಅಭ್ಯಾಸ. ಮುಚ್ಚಳ ಒಂದು ಸಲ ನೋಡು, ಪಕ್ಕದ ಟಾರು ನೋಡು, ಆಮೇಲೆ ಮುಂದಕ್ಕೆ. ಮತ್ತೆ ಮುಚ್ಚಳದ ಕಡೆ ಕಣ್ಣು ಹಾಯಿಸಬಾರದು, ದಾಟುವಾಗಂತೂ ಇಲ್ಲವೇ ಇಲ್ಲ.

ತಿರುವಿನಲ್ಲಿ ಗೇರ್, ಬ್ರೇಕ್ ಎಲ್ಲ ಒಳಗೆ ಹೋಗುವ ಮುಂಚೆಯೇ ಮುಗಿಸಿಕೊಳ್ಳಿ. ಆಮೇಲೆ ಗದ್ದ ತಿರುಗಿಸಿ ರಸ್ತೆ ಹೊರಗೆ ಬರುವ ಕಡೆ ನೋಡಿ. ಬರೀ ಕಣ್ಣು ಹೊರಳಿಸಿದರೆ ಸಾಲದು, ಗದ್ದ ತಿರುಗಬೇಕು. ಗಾಡಿ ತಿರುವಿನ ಹೊರ ಅಂಚಿಗೆ ಸರಿಯುತ್ತಿದೆ ಅನ್ನಿಸಿದರೆ ತಿರುವು ಯಾವ ಕಡೆಗಿದೆಯೋ ಆ ಕಡೆಯ ಹ್ಯಾಂಡಲ್ ಮುಂದಕ್ಕೆ ಒತ್ತಿ. ಬಲ ತಿರುವಿಗೆ ಬಲಗೈ. ಕೇಳಲು ಉಲ್ಟಾ ಅನ್ನಿಸುತ್ತದೆ, ಆದರೆ ಓಡುವ ಗಾಡಿ ವಾಲುವುದು ಹಾಗೇ. ನಡಿಗೆಯ ವೇಗದಲ್ಲಿ ಇದನ್ನು ಪರೀಕ್ಷೆ ಮಾಡಲು ಹೋಗಬೇಡಿ, ಆಗ ಲೆಕ್ಕವೇ ಬೇರೆ. ರಾತ್ರಿ ಹೈವೇಯಲ್ಲಿ ಎದುರಿನವನು ಹೈ ಬೀಮ್ ಹಾಕಿಕೊಂಡು ಬಂದರೂ ಇದೇ ಮಾತು, ಅವನ ಲೈಟ್ ನೋಡದೆ ರಸ್ತೆಯ ಎಡ ಅಂಚಿನ ಬಿಳಿ ಗೆರೆ ನೋಡುತ್ತಾ ಹೋಗಿ.

ಹೋದ ವರ್ಷ ಅದೇ ಬಾಮೈದನನ್ನು ಹಿಂದೆ ಕೂರಿಸಿಕೊಂಡು ಅದೇ ಬೆಟ್ಟ ಇಳಿದೆ. ಆ ತಿರುವು ಹತ್ತಿರ ಬಂತು. ಹೃದಯ ಇನ್ನೂ ಇದೆಯಾ ಅಂತ ನೋಡಬೇಕು ಅನ್ನಿಸಿತು. ಹಿಂದಿನಿಂದ ಹೆಲ್ಮೆಟ್ ಮೇಲೆ ಟಕ್ ಅಂತ ಒಂದು ಬಿತ್ತು.

‘ಭಾವ, ರಸ್ತೆ.’